‘ನಾ ಏನೂ ಮಾಡಿಲ್ಲ, ಸುಮ್ನ ಕರ್ನಲ್ ಅಪ್‌ಗ್ರೇಡ್ ಮಾಡಿದೆ’

ಶನಿವಾರ ಸಂಜೆ ಅಕ್ಕನ ಮಗನ ಫೋನು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಾನೆ. ನಾನಿರುವುದು ಧಾರವಾಡದಲ್ಲಿ.

"ಮಾಮಾ, ಗೇಮ್ ಕೆಟ್ಟೈತಿ. ಕಾರು ಓಡವಲ್ದು. ಒಂದಾದ ಮ್ಯಾಲೆ ಒಂದು ಫೋಟೋ ತೋರಿಸಿದಂಗ ಆಗಾಕತ್ತೈತಿ."

"ಏನ್ ಮಾಡಿದ್ಯೋ?"

"ನಾ ಏನೂ ಮಾಡಿಲ್ಲ. ಸುಮ್ನ ಕರ್ನಲ್ ಅಪ್‌ಗ್ರೇಡ್ ಮಾಡಿದೆ."

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಯಂತ್ರದ ಜೊತೆ ನೇರವಾಗಿ ಮಾತಾಡುವ ಭಾಗ. ಮನೆಯ ಅಡಿಪಾಯ ಬದಲಿಸಿ, ಬಾಗಿಲು ಯಾಕೆ ಹಾಕಿಕೊಳ್ಳುತ್ತಿಲ್ಲ ಅಂತ ಕೇಳಿದ ಹಾಗಾಯಿತು. ನಾನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ಆಟ ಆಡುವಾಗ ಫ್ಯಾನ್ ಸಪ್ಪಳ ಬರ್ತೈತೇನು?" "ಇಲ್ಲ ಮಾಮಾ, ಲ್ಯಾಪ್‌ಟಾಪ್ ಭಾಳ ತಣ್ಣಗ ಐತಿ." ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಅದು ಯಾಕೆ ಅಂತ ಹೇಳಬೇಕಾದರೆ, ವಿಂಡೋಸ್‌ಗೆ ಅಂತ ಮಾಡಿದ ಆಟ ಅವನು ಹಾಕಿಕೊಂಡಿರುವ ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುವುದೇ ಹೇಗೆ ಅನ್ನುವುದರಿಂದ ಶುರು ಮಾಡಬೇಕು.

ದುರ್ಗದ ಬೈಲಿನ ಸೀರೆ ಅಂಗಡಿ ನೆನಪಿಸಿಕೊಳ್ಳಿ. ಸಾಂಗ್ಲಿ ಕಡೆಯಿಂದ ಬಂದ ಗಿರಾಕಿ ಮರಾಠಿಯಲ್ಲಿ ಸೀರೆ ಕೇಳುತ್ತಾಳೆ. ಗಲ್ಲೆಯ ಮೇಲೆ ಕೂತವನು ಒಳಗಿನ ಹುಡುಗನಿಗೆ ಕನ್ನಡದಲ್ಲಿ "ಆ ಇಳಕಲ್ ತಗಿಯೋ" ಅನ್ನುತ್ತಾನೆ. ಸೀರೆ ಬರುತ್ತದೆ. ಮರಾಠಿ ಗಿರಾಕಿಗೆ ಅಂತ ಯಾರೂ ಬೇರೆ ಅಂಗಡಿ ಕಟ್ಟಲಿಲ್ಲ, ಬೇರೆ ಗೋದಾಮು ಇಡಲಿಲ್ಲ. ವೈನ್ ಅನ್ನುವ ತಂತ್ರಾಂಶದ ಕೆಲಸ ಇದೇ. ಆಟ ವಿಂಡೋಸ್ ಭಾಷೆಯಲ್ಲಿ "ಈ ಫೈಲ್ ತೆರೆ" ಅನ್ನುತ್ತದೆ. ವೈನ್ ಅದನ್ನೇ ಲಿನಕ್ಸ್ ಭಾಷೆಯಲ್ಲಿ ಕರ್ನಲ್‌ಗೆ ಹೇಳುತ್ತದೆ. ಇದು 1993ರಲ್ಲಿ ಶುರುವಾದ ಕೆಲಸ. ‘ವೈನ್ ಅನ್ನುವುದು ಎಮ್ಯುಲೇಟರ್ ಅಲ್ಲ’ ಅಂತ ಅದರ ಹೆಸರಲ್ಲೇ ಬರೆದುಕೊಂಡಿದ್ದಾರೆ. ಎಮ್ಯುಲೇಟರ್ ಆಗಿದ್ದರೆ ಸುಳ್ಳು ಅಂಗಡಿಯೊಂದನ್ನು ಪೂರ್ತಿ ಕಟ್ಟಬೇಕಿತ್ತು, ವೇಗ ಎಲ್ಲಾ ಅದಕ್ಕೇ ಹೋಗುತ್ತಿತ್ತು.

ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್ ಕಂಪನಿ 2018ರಲ್ಲಿ ವೈನ್ ತೆಗೆದುಕೊಂಡು, ಆಟಗಳಿಗೆ ಬೇಕಾದ್ದನ್ನು ಸೇರಿಸಿ ಪ್ರೋಟಾನ್ ಅಂತ ಕೊಟ್ಟಿತು. ಸೇರಿಸಿದ್ದರಲ್ಲಿ ಮುಖ್ಯವಾದದ್ದು ಡಿಎಕ್ಸ್‌ವಿಕೆ. ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಡೈರೆಕ್ಟ್‌ಎಕ್ಸ್ ಭಾಷೆ ಬಳಸುತ್ತವೆ. ಡಿಎಕ್ಸ್‌ವಿಕೆ ಅದನ್ನು ವಲ್ಕನ್ ಅನ್ನುವ ಭಾಷೆಗೆ ತಿರುಗಿಸುತ್ತದೆ. ಡೈರೆಕ್ಟ್‌ಎಕ್ಸ್ 12 ಆಟಗಳಿಗೆ ಇದೇ ಕೆಲಸ ಮಾಡುವ ಇನ್ನೊಂದು ಭಾಗವಿದೆ. ವಲ್ಕನ್ ಮಾತು ಗ್ರಾಫಿಕ್ಸ್ ಡ್ರೈವರ್‌ಗೆ, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಪ್ರೋಗ್ರಾಮ್‌ಗೆ ಹೋಗುತ್ತದೆ. ಡ್ರೈವರ್‌ನ ಒಂದು ಭಾಗ ಹೊರಗೆ ಕೂತಿರುತ್ತದೆ, ಇನ್ನೊಂದು ಭಾಗ ಕರ್ನಲ್ ಒಳಗೇ ಹೋಗಿ ಕೂರುತ್ತದೆ. ಆ ಒಳಗಿನ ಭಾಗಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಅದರಾಚೆ ಚಿತ್ರ ಬಿಡಿಸುವ ಕಾರ್ಡು.

ಅಂದರೆ ಸ್ಟೀಮ್‌ನಲ್ಲಿ ‘ಪ್ಲೇ’ ಒತ್ತಿದ ಮೇಲೆ ಮಾತು ಐದಾರು ಕೈ ದಾಟಿ ಕಾರ್ಡ್ ಮುಟ್ಟುತ್ತದೆ. ಯಾವ ಕೈಯಲ್ಲಿ ತಪ್ಪಿದರೂ ಪರದೆಯ ಮೇಲೆ ಕಾಣುವುದು ಒಂದೇ: ಆಟ ಓಡುತ್ತಿಲ್ಲ. ಅದಕ್ಕೇ ಸುಮ್ನೆ ಆಟ ತೆಗೆದು ಮತ್ತೆ ಹಾಕುವುದು, 60 ಜಿಬಿ ಮತ್ತೆ ಡೌನ್‌ಲೋಡ್ ಮಾಡುವುದು ಬಹಳ ಸಲ ದಂಡ. ನಿನ್ನೆಯಿಂದ ಇವತ್ತಿಗೆ ಯಾವ ಕೈ ಬದಲಾಯಿತು ಅಂತ ಮೊದಲು ಕೇಳಬೇಕು.

ನಮ್ಮ ಹುಡುಗನದು ಕರ್ನಲ್ ಬದಲಾಗಿತ್ತು. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಲಿನಕ್ಸ್ ಕರ್ನಲ್‌ಗೆ ಎರಡು ಮುಖ. ಹೊರಗಿನ ಪ್ರೋಗ್ರಾಮ್‌ಗಳಿಗೆ ಕಾಣುವ ಮುಖವನ್ನು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಮುರಿಯಲು ಬಿಡುವುದಿಲ್ಲ. ಹೊಸ ಕರ್ನಲ್ ಬಂದು ಹಳೆಯ ಪ್ರೋಗ್ರಾಮ್ ನಿಂತರೆ ಅದು ಕರ್ನಲ್ಲಿನ ತಪ್ಪು ಅನ್ನುವುದು ಅವರ ಹಳೇ ನಿಯಮ. ಒಳಗಿನ ಮುಖಕ್ಕೆ ಆ ಭರವಸೆ ಇಲ್ಲವೇ ಇಲ್ಲ. ಒಳಗಿನ ಗೋಡೆ ಯಾವಾಗ ಬೇಕಾದರೂ ಸರಿಸುತ್ತಾರೆ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ, ಪ್ರತಿ ಸಲ ಏನೋ ಒಂದು ಸರಿದಿರುತ್ತದೆ.

ವೈನ್, ಪ್ರೋಟಾನ್, ಆಟ ಎಲ್ಲಾ ಹೊರಗೆ ಇರುವಂಥವು. ಕರ್ನಲ್ ಬದಲಾದರೆ ಅವಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಒಳಗೆ ಕೂರುವ ಮಾಡ್ಯೂಲ್‌ಗೆ. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಮಾಡ್ಯೂಲ್‌ಗಳು ಕರ್ನಲ್ ಜೊತೆಗೇ ತಯಾರಾಗಿ ಬರುತ್ತವೆ. ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ. ಎನ್ವಿಡಿಯಾ ಮಾಡ್ಯೂಲ್ ಹೊರಗಿನಿಂದ ಬರುತ್ತದೆ, ಹಾಗಾಗಿ ಪ್ರತಿ ಕರ್ನಲ್‌ಗೂ ಅಳತೆ ತೆಗೆದು ಹೊಲಿಸಬೇಕು. ಹಳೇ ಅಳತೆಯ ಅಂಗಿ ಹೊಸ ಕರ್ನಲ್‌ಗೆ ಬಿಗಿ ಅಥವಾ ಸಡಿಲ ಆಗುವುದಿಲ್ಲ, ತೊಡಲಿಕ್ಕೇ ಬರುವುದಿಲ್ಲ.

ಹೊಲಿಯಲು ಎರಡು ದಾರಿ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ತನ್ನದೇ ಕರ್ನಲ್‌ಗಳಿಗೆ ಎನ್ವಿಡಿಯಾ ಮಾಡ್ಯೂಲ್ ರೆಡಿಮೇಡ್ ಮಾಡಿ, ಸಹಿ ಹಾಕಿ ಕೊಡುತ್ತದೆ. ಅದಿಲ್ಲದಿದ್ದರೆ ಡಿಕೆಎಂಎಸ್ ಅನ್ನುವ ಟೇಲರ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕೂತು ಹೊಲಿಯುತ್ತದೆ. ಇದನ್ನು ಮೊದಲು ಮಾಡಿದ್ದು ಡೆಲ್ ಕಂಪನಿಯವರು. ಹೊಸ ಕರ್ನಲ್ ಬಂದಾಗಲೆಲ್ಲ ಅದು ತಾನೇ ಎದ್ದು ಹೊಲಿಗೆ ಶುರು ಮಾಡುತ್ತದೆ. ಆದರೆ ಅದಕ್ಕೆ ಅಳತೆ ಚೀಟಿ ಬೇಕು. ಆ ಚೀಟಿಯ ಹೆಸರು ಹೆಡರ್ಸ್. ಕರ್ನಲ್ ಬೇರೆ ಪ್ಯಾಕೇಜು, ಹೆಡರ್ಸ್ ಬೇರೆ ಪ್ಯಾಕೇಜು. ಕರ್ನಲ್ ಮಾತ್ರ ಹಾಕಿ ಹೆಡರ್ಸ್ ಬಿಟ್ಟರೆ ಟೇಲರ್ ಕೈಕಟ್ಟಿ ಕೂರುತ್ತಾನೆ.

ಈಗ ತಣ್ಣಗಿದ್ದ ಲ್ಯಾಪ್‌ಟಾಪ್‌ಗೆ ಬರೋಣ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತವೆ. ಪ್ರೊಸೆಸರ್ ಒಳಗಿನ ಚಿಕ್ಕದೊಂದು, ಎನ್ವಿಡಿಯಾದ ದೊಡ್ಡದೊಂದು. ದೊಡ್ಡದರ ಮಾಡ್ಯೂಲ್ ಕರ್ನಲ್‌ಗೆ ಏರದಿದ್ದರೆ (ಲೋಡ್ ಆಗದಿದ್ದರೆ) ಆಟ ಸುಮ್ನೆ ಚಿಕ್ಕದರ ಮೇಲೆ ಓಡುತ್ತದೆ, ಯಾರಿಗೂ ಹೇಳುವುದಿಲ್ಲ. ಕಾರು ಕುಂಟುತ್ತದೆ, ದೊಡ್ಡ ಕಾರ್ಡು ಮಲಗಿರುತ್ತದೆ, ಫ್ಯಾನ್ ತಿರುಗುವುದಿಲ್ಲ.

ಫೋನಿನಲ್ಲೇ ಟೈಪ್ ಮಾಡಿಸಿದೆ. ಅಕ್ಷರ ಇಂಗ್ಲಿಷಿನವು, ಹೇಳುವುದು ಮಾತ್ರ ನಮ್ಮ ಭಾಷೆಯಲ್ಲಿ. "ಯುನೇಮ್, ಒಂದು ಸ್ಪೇಸ್ ಬಿಡು, ಅಡ್ಡಗೆರೆ, ಅದಕ್ಕ ಹತ್ತಿಸಿ ಆರ್." 6.14 ಅಂತ ಶುರುವಾಗುವ ಸಂಖ್ಯೆ ಬಂತು. ಈಗ ಓಡುತ್ತಿರುವ ಕರ್ನಲ್ ಇದು. "ಎನ್ವಿಡಿಯಾ, ಅಡ್ಡಗೆರೆ, ಎಸ್‌ಎಂಐ." ದೊಡ್ಡ ಕಾರ್ಡಿನ ಸ್ಥಿತಿ ತೋರಿಸುವ ಆಜ್ಞೆ ಇದು. ಡ್ರೈವರ್ ಜೊತೆ ಮಾತಾಡಲಿಕ್ಕೆ ಆಗುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ರೋಗ ಗೊತ್ತಾಯಿತು. ಆಟ, ಪ್ರೋಟಾನ್, ಸ್ಟೀಮ್ ಯಾವುದರದ್ದೂ ತಪ್ಪಿಲ್ಲ.

ಆ ರಾತ್ರಿಗೆ ಹಳೇ ಕರ್ನಲ್‌ಗೆ ವಾಪಸ್ ಹೋಗೋಣ ಅಂದೆ. ಉಬುಂಟುವಿನಂಥ ವ್ಯವಸ್ಥೆಗಳು ಹೊಸ ಕರ್ನಲ್ ಹಾಕಿದಾಗ ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲೇ ಇಟ್ಟಿರುತ್ತವೆ. ಕಂಪ್ಯೂಟರ್ ಏಳುವಾಗ ಕಂಪನಿಯ ಲೋಗೋ ಕಂಡ ಕೂಡಲೇ ಎಸ್ಕೇಪ್ ಕೀ ಒಮ್ಮೆ ಒತ್ತಬೇಕು. ಹಳೇ ಬಯೋಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಶಿಫ್ಟ್ ಹಿಡಿದುಕೊಳ್ಳಬೇಕು. ಯಾವುದರಿಂದ ಏಳಬೇಕು ಅಂತ ಕೇಳುವ ಗ್ರಬ್ ಪಟ್ಟಿ ಬರುತ್ತದೆ. ಎರಡನೇ ಸಾಲು ‘ಅಡ್ವಾನ್ಸ್ಡ್ ಆಪ್ಷನ್ಸ್’. ಅದರೊಳಗೆ ಹೋದರೆ ಕರ್ನಲ್‌ಗಳು ಒಂದರ ಕೆಳಗೊಂದು ಇರುತ್ತವೆ, ಹೊಸದು ಮೇಲೆ. ಹುಡುಗ ಗಾಬರಿಯಲ್ಲಿ ಎಸ್ಕೇಪ್ ನಾಲ್ಕು ಸಲ ಕುಟ್ಟಿದ. ಪಟ್ಟಿ ಬಂದು ಹೋಗಿ, ಕಪ್ಪು ಪರದೆಯ ಮೇಲೆ ‘ಗ್ರಬ್’ ಅನ್ನುವ ಒಂದು ಪದ ಮಿಣುಕುತ್ತಾ ಕೂತಿತು. ಏನೂ ಕೆಟ್ಟಿರುವುದಿಲ್ಲ. ಮತ್ತೆ ರೀಸ್ಟಾರ್ಟ್ ಮಾಡಿ ಒಂದೇ ಸಲ ಒತ್ತಿದರಾಯಿತು. ಎರಡನೇ ಯತ್ನದಲ್ಲಿ 6.8 ಆರಿಸಿದ, ಐದು ನಿಮಿಷದಲ್ಲಿ ಕಾರು ಓಡಿತು. ಫೋನಿನಲ್ಲಿ ಫ್ಯಾನ್ ಸಪ್ಪಳ ನನಗೂ ಕೇಳಿಸಿತು.

ಈ ಒಂದು ಪರೀಕ್ಷೆಗೆ ಬೆಲೆ ಜಾಸ್ತಿ. ಹಳೇ ಕರ್ನಲ್ ಮೇಲೆ ಆಟ ಓಡಿ, ಹೊಸದರ ಮೇಲೆ ಓಡದಿದ್ದರೆ ಕರ್ನಲ್ ಮತ್ತು ಡ್ರೈವರ್ ನಡುವೆ ಹುಡುಕಿ. ಎರಡರ ಮೇಲೂ ಓಡದಿದ್ದರೆ ಕರ್ನಲ್ ಬಿಟ್ಟುಬಿಡಿ, ಪ್ರೋಟಾನ್ ಕಡೆ ಹೋಗಿ.

ಮರುದಿನ ಭಾನುವಾರ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಗಿರಮಿಟ್ಟು ಮಿರ್ಚಿ ಮುಂದಿಟ್ಟುಕೊಂಡು ಕೂತೆವು. ಎಣ್ಣೆ ಕೈಯಿಂದ ಕೀಬೋರ್ಡ್ ಮುಟ್ಟಬಾರದು ಅನ್ನುವ ನಿಯಮ ಅಲ್ಲೇ ಮಾಡಿದೆ.

6.14 ಯಾಕೆ ಹಾಕಿದೆ ಅಂದರೆ, ಯಾವುದೋ ವಿಡಿಯೋದಲ್ಲಿ ಅದರಿಂದ ಆಟ ಎರಡು ಪಟ್ಟು ಜೋರಾಗುತ್ತದೆ ಅಂದಿದ್ದರಂತೆ. ಪೂರ್ತಿ ಸುಳ್ಳೇನಲ್ಲ. 2025ರ ಮಾರ್ಚ್‌ನಲ್ಲಿ ಬಂದ 6.14ರಲ್ಲಿ ಎನ್‌ಟಿಸಿಂಕ್ ಅನ್ನುವ ಭಾಗ ಪೂರ್ತಿಯಾಗಿ ಸೇರಿತು. ಆಟದೊಳಗೆ ಹತ್ತಾರು ಕೆಲಸಗಳು ಒಟ್ಟಿಗೆ ನಡೆಯುತ್ತಿರುತ್ತವೆ, ಒಂದಕ್ಕೊಂದು ಕಾಯುತ್ತಿರುತ್ತವೆ. ಹೀಗೆ ಕಾಯುವುದಕ್ಕೆ ವಿಂಡೋಸ್‌ಗೆ ತನ್ನದೇ ಪದ್ಧತಿ ಇದೆ. ಮೊದಲು ವೈನ್ ಅದನ್ನು ತನ್ನ ಸರ್ವರ್ ಪ್ರೋಗ್ರಾಮ್ ಮೂಲಕ ಸುತ್ತುಹಾಕಿ ಮಾಡುತ್ತಿತ್ತು. ಈಗ ಅದೇ ಪದ್ಧತಿ ಕರ್ನಲ್‌ನಲ್ಲೇ ಸಿಗುತ್ತದೆ. ಆದರೆ ವಿಡಿಯೋದವರು ಹೇಳದ ಮಾತು ಒಂದಿದೆ. ಪ್ರೋಟಾನ್ ಈ ಸುತ್ತು ತಪ್ಪಿಸಲು ಎಫ್‌ಸಿಂಕ್ ಅನ್ನುವ ಬೇರೆ ಉಪಾಯ ಮೊದಲೇ ಮಾಡಿಕೊಂಡಿತ್ತು. ಅದಕ್ಕೆ ಬೇಕಾದದ್ದು 2022ರ ಜನವರಿಯ 5.16 ಕರ್ನಲ್‌ನಲ್ಲೇ ಬಂದಿದೆ. ದೊಡ್ಡ ದೊಡ್ಡ ಅಂಕಿಗಳೆಲ್ಲ ಏನೂ ಉಪಾಯ ಮಾಡದ ಬರೀ ವೈನ್ ಜೊತೆ ಹೋಲಿಸಿದವು. ಪ್ರೋಟಾನ್ ಬಳಸುವವರಿಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಮೇಲಾಗಿ ಕರ್ನಲ್ ಮಾತ್ರ ಹೊಸದಾದರೆ ಸಾಲದು, ಮೇಲಿನ ವೈನ್ ಕೂಡ ಎನ್‌ಟಿಸಿಂಕ್ ಬಳಸುವಂಥದ್ದಾಗಿರಬೇಕು. ಓಡುತ್ತಿರುವ ಲ್ಯಾಪ್‌ಟಾಪ್‌ಗೆ ಇಷ್ಟಕ್ಕಾಗಿ ಕರ್ನಲ್ ಬದಲಿಸುವವನು ನಾನಲ್ಲ. ಹೊಸ ಲ್ಯಾಪ್‌ಟಾಪ್ ತಂದು ವೈಫೈ ಅಥವಾ ಗ್ರಾಫಿಕ್ಸ್ ಕೆಲಸ ಮಾಡುತ್ತಿಲ್ಲ ಅಂದರೆ ಬೇರೆ ಮಾತು. ಅಲ್ಲಿ ಹೊಸ ಕರ್ನಲ್ಲೇ ಔಷಧ.

ಅವನು ಮಾಡಿದ್ದೇನು? ಉಬುಂಟು 24.04 ಇದೆ, 6.8 ಕರ್ನಲ್ ಜೊತೆ ಬಂದದ್ದು. ಅದರ ಎನ್ವಿಡಿಯಾ ಮಾಡ್ಯೂಲ್ ರೆಡಿಮೇಡ್. ಇವನು 6.14ರ ಕರ್ನಲ್ ಪ್ಯಾಕೇಜನ್ನು ಮಾತ್ರ ಹೆಸರು ಹಿಡಿದು ಹಾಕಿಕೊಂಡಿದ್ದಾನೆ. ಅದಕ್ಕೆ ತಕ್ಕ ರೆಡಿಮೇಡ್ ಮಾಡ್ಯೂಲ್ ಬರಲಿಲ್ಲ, ಹೆಡರ್ಸೂ ಬರಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ಹೆಡರ್ಸ್ ಹಾಕಿ, ಡಿಕೆಎಂಎಸ್ ಹಾಕಿದ್ದಾನೆ. ಟೇಲರ್ ಹೊಲಿದೂ ಆಗಿದೆ. ಆದರೂ ಮಾಡ್ಯೂಲ್ ಏರುತ್ತಿಲ್ಲ. ಕೈಯಿಂದ ಏರಿಸಲು ‘ಮಾಡ್‌ಪ್ರೋಬ್’ ಹೊಡೆದೆ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತ ಬಂತು.

ಇದು ಸೆಕ್ಯೂರ್ ಬೂಟ್ ಅನ್ನುವ ಬಾಗಿಲ ಕಾವಲುಗಾರನ ಮಾತು. ಗುರುತಿನ ಸಹಿ ಇಲ್ಲದ ಯಾವುದನ್ನೂ ಅವನು ಕರ್ನಲ್ ಒಳಗೆ ಬಿಡುವುದಿಲ್ಲ. ಉಬುಂಟು ಹಾಕಿದ ಸಹಿ ಅವನಿಗೆ ಗೊತ್ತು. ನಮ್ಮ ಮನೆಯ ಟೇಲರ್ ಸಹಿ ಗೊತ್ತಿಲ್ಲ, ಒಮ್ಮೆ ಪರಿಚಯ ಮಾಡಿಸಬೇಕು. ಅದಕ್ಕೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ.

"ಪಾಸ್‌ವರ್ಡ್ ಕೇಳಿತ್ತೇನೋ?"

"ಕೇಳಿತ್ತು. ಕೊಟ್ಟೆ."

"ಆಮೇಲೆ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂತಲ್ಲ, ಅವಾಗ ಏನ್ ಮಾಡಿದಿ?"

"ವಿಂಡೋಸ್ ಹೋತು ಅಂತ ಅಂಜಿ ಕೂತೆ ಮಾಮಾ. ಆಮೇಲೆ ತಾನೇ ಹೋತು."

ಆ ನೀಲಿ ಪರದೆಗೂ ವಿಂಡೋಸ್‌ಗೂ ಸಂಬಂಧವಿಲ್ಲ. ಅಲ್ಲಿ ಯಾವುದಾದರೂ ಕೀ ಒತ್ತಿ ಅಂತ ಬರೆದು, ಹತ್ತರಿಂದ ಕೆಳಗೆ ಎಣಿಸುತ್ತಾ ಬರುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಒತ್ತದಿದ್ದರೆ ಪರಿಚಯದ ಅರ್ಜಿ ರದ್ದು, ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಒತ್ತಿದರೆ ‘ಎನ್‌ರೋಲ್ ಎಂಒಕೆ’ ಆರಿಸಬೇಕು, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಅದೇ ಪಾಸ್‌ವರ್ಡ್. ಟೈಪ್ ಮಾಡುವಾಗ ಅಕ್ಷರ ಕಾಣುವುದಿಲ್ಲ, ಹೆದರಬೇಡಿ. ನಾವು ‘ಎಂಒಕೆಯುಟಿಲ್’ ಅನ್ನುವ ಆಜ್ಞೆ ಬಳಸಿ ಅರ್ಜಿಯನ್ನು ಮತ್ತೊಮ್ಮೆ ಹಾಕಿದೆವು, ಈ ಸಲ ಹುಡುಗ ಬೆರಳು ಎಂಟರ್ ಮೇಲೆ ಇಟ್ಟುಕೊಂಡೇ ಕಾದ. ಲ್ಯಾಪ್‌ಟಾಪ್ ಎದ್ದಿತು. ಎಸ್‌ಎಂಐ ಹೊಡೆದರೆ ಕಾರ್ಡಿನ ಹೆಸರು, ಬಿಸಿ, ಮೆಮೊರಿ ಎಲ್ಲಾ ಡಬ್ಬಿ ಡಬ್ಬಿಯಾಗಿ ಬಂತು.

ಸೆಕ್ಯೂರ್ ಬೂಟ್ ಬಂದ್ ಮಾಡಿಬಿಟ್ಟರೂ ಇದು ಓಡುತ್ತದೆ, ಬಹಳ ಜನ ಅದನ್ನೇ ಮಾಡುತ್ತಾರೆ. ಹತ್ತು ಸೆಕೆಂಡಿನ ಕೆಲಸಕ್ಕೆ ಕಾವಲುಗಾರನನ್ನೇ ಮನೆಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಈ ಫಜೀತಿಯೇ ಬೇಡ ಅಂದರೆ, ಕರ್ನಲ್ಲನ್ನು ಬಿಡಿಬಿಡಿಯಾಗಿ ಹಾಕಬೇಡಿ. ಉಬುಂಟುವಿನಲ್ಲಿ ‘ಎಚ್‌ಡಬ್ಲ್ಯೂಇ’ ಅನ್ನುವ ಗೊಂಚಲು ಪ್ಯಾಕೇಜ್ ಇದೆ, ಕರ್ನಲ್ಲನ್ನೂ ಹೆಡರ್ಸನ್ನೂ ಒಟ್ಟಿಗೆ ತರುತ್ತದೆ. ಡ್ರೈವರನ್ನು ‘ಅಡಿಷನಲ್ ಡ್ರೈವರ್ಸ್’ ಕಿಟಕಿಯಿಂದಲೇ ಆರಿಸಿ. ಅಪ್‌ಗ್ರೇಡ್ ಆಗುವಾಗ ಚಾರ್ಜರ್ ಹಾಕಿರಲಿ. ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪ್ ಆದರೆ, ಕರೆಂಟ್ ಹೋಗುವ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕರ್ನಲ್ ಪುರಾಣ ಇಷ್ಟು. ಹೊಸ ಹಳೇ ಎರಡೂ ಕರ್ನಲ್ ಮೇಲೆ ಆಟ ಮುನಿಸಿಕೊಂಡರೆ ನೋಡಬೇಕಾದ್ದು ಬೇರೆ. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ ಬೇರೆ ಪ್ರೋಟಾನ್ ಆವೃತ್ತಿ ಆರಿಸುವುದು ಮೊದಲ ಕೆಲಸ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಪ್ರೋಟಾನ್‌ಡಿಬಿ ಅನ್ನುವ ತಾಣದಲ್ಲಿ ಆಟದ ಹೆಸರು ಹುಡುಕಿದರೆ, ಅದೇ ಆಟ ಆಡಿದವರು ಯಾವ ಆವೃತ್ತಿಯಲ್ಲಿ ಓಡಿತು ಅಂತ ಬರೆದಿರುತ್ತಾರೆ. ಅದೂ ಆಗದಿದ್ದರೆ ಲಾಂಚ್ ಆಪ್ಷನ್ಸ್ ಜಾಗದಲ್ಲಿ ಹೀಗೆ ಬರೆಯಿರಿ: ‘ಪ್ರೋಟಾನ್’, ಕೆಳಗೆರೆ, ‘ಲಾಗ್’, ಸಮ ಚಿಹ್ನೆ, 1. ಎಲ್ಲಾ ದೊಡ್ಡಕ್ಷರ. ಒಂದು ಸ್ಪೇಸ್ ಬಿಟ್ಟು, ಎರಡು ಶೇಕಡಾ ಚಿಹ್ನೆಗಳ ನಡುವೆ ‘ಕಮಾಂಡ್’, ಇದು ಚಿಕ್ಕಕ್ಷರ. ಆಟ ಬಿದ್ದ ಮೇಲೆ ಹೋಮ್ ಫೋಲ್ಡರ್‌ನಲ್ಲಿ ಸ್ಟೀಮ್ ಹೆಸರಿನ ಒಂದು ಲಾಗ್ ಫೈಲ್ ಸಿಗುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ. ಸತ್ತ ಕಾರಣ ಸಾಮಾನ್ಯವಾಗಿ ಕೊನೆಯ ಸಾಲುಗಳ ಹತ್ತಿರ ಇರುತ್ತದೆ.

ಡ್ಯುಯಲ್ ಬೂಟ್, ಅಂದರೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಲಿನಕ್ಸ್ ಎರಡೂ ಇಟ್ಟುಕೊಂಡವರು ಒಂದು ತಪ್ಪು ತಪ್ಪದೇ ಮಾಡುತ್ತಾರೆ. ವಿಂಡೋಸ್ ಡಿ ಡ್ರೈವ್‌ನಲ್ಲಿ ಆಟ ಇದೆಯಲ್ಲ, ಅದನ್ನೇ ಲಿನಕ್ಸ್ ಸ್ಟೀಮ್‌ಗೆ ತೋರಿಸಿದರಾಯಿತು ಅನ್ನುತ್ತಾರೆ. ಅದು ಎನ್‌ಟಿಎಫ್‌ಎಸ್ ಡಿಸ್ಕು, ಫೈಲ್ ಇಡುವ ಪದ್ಧತಿ ವಿಂಡೋಸ್‌ನದು. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ಸಿ ಡ್ರೈವ್ ಕಟ್ಟುತ್ತದೆ, ಅದರಲ್ಲಿ ಹೆಸರಿನ ಕೊನೆಗೆ ಕೋಲನ್ ಚಿಹ್ನೆ ಇರುವ ಫೈಲ್ ಮಾಡುತ್ತದೆ. ವಿಂಡೋಸ್‌ಗೆ ಅಂಥ ಹೆಸರು ಆಗಿಬರುವುದಿಲ್ಲ. ಜೊತೆಗೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮಲಗುವುದಿಲ್ಲ, ಡಿಸ್ಕ್ ಅರ್ಧ ಹಿಡಿದುಕೊಂಡಿರುತ್ತದೆ. ಲಿನಕ್ಸ್‌ಗೆ ಅಲ್ಲಿ ಓದಲು ಮಾತ್ರ ಸಿಗುತ್ತದೆ, ಬರೆಯಲು ಸಿಗುವುದಿಲ್ಲ. ಆಟ ಶುರುವೇ ಆಗುವುದಿಲ್ಲ. ಲಿನಕ್ಸ್‌ನದೇ ಎಕ್ಸ್ಟ್4 ಡಿಸ್ಕಿನಲ್ಲಿ ಆಟ ಹಾಕಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದವರಿಗೆ ಇನ್ನೊಂದು ತೊಡಕು. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0ರಿಂದ ಮುಂದೆ ವಲ್ಕನ್ 1.3 ಕಡ್ಡಾಯ. ಇಂಟೆಲ್ ನಾಲ್ಕನೇ ತಲೆಮಾರಿನ ಗ್ರಾಫಿಕ್ಸ್ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಹಳೇ ಪ್ರೋಟಾನ್ ಆರಿಸಿದರೆ ಹಳೇ ಆಟಗಳು ಓಡಿಯಾವು. ಹೊಸ ಕರ್ನಲ್ ಎಷ್ಟೇ ಹಾಕಿದರೂ ಆ ಚಿಪ್‌ಗೆ ಹೊಸ ವಿದ್ಯೆ ಬರುವುದಿಲ್ಲ.

ನಡುದಾರಿಯಲ್ಲಿ, ದೊಡ್ಡ ನಕ್ಷೆ ಲೋಡ್ ಆಗುವಾಗ ದಿಢೀರ್ ಮುಚ್ಚಿಕೊಳ್ಳುವ ಆಟಗಳಿಗೆ ಕರ್ನಲ್ಲಿನ ಒಂದು ಮಿತಿ ಕಾರಣ ಆಗಿರಬಹುದು. ಒಂದು ಪ್ರೋಗ್ರಾಮ್ ಮೆಮೊರಿಯನ್ನು ಎಷ್ಟು ತುಂಡಾಗಿ ಹಿಡಿಯಬಹುದು ಅನ್ನುವ ಸಂಖ್ಯೆ ಅದು. ಮೂಲದಲ್ಲಿ 65530. ಕೆಲವು ಆಟಗಳಿಗೆ ಅದು ಸಾಲದು. ಉಬುಂಟು 24.04ರಲ್ಲಿ ಅದನ್ನು 1048576ಕ್ಕೆ ಏರಿಸಿದ್ದಾರೆ, ಹಳೇ ಆವೃತ್ತಿಯವರು ತಾವೇ ಏರಿಸಿಕೊಳ್ಳಬೇಕು. ಹೊರಗಿನ ಮುಖ ಮುರಿಯುವುದಿಲ್ಲ ಅಂದೆನಲ್ಲ, ಅದಕ್ಕೂ ಒಂದು ಅಪವಾದ ಆಗಿತ್ತು. 5.19 ಕರ್ನಲ್‌ನಲ್ಲಿ ಒಂದು ಬಗೆಯ ಕೆಟ್ಟ ಮೆಮೊರಿ ಬಳಕೆಗೆ ಬೇಕಂತಲೇ ದಂಡ ಹಾಕಿದರು. ಕೆಲವು ವಿಂಡೋಸ್ ಆಟಗಳು ಅದನ್ನೇ ಮಾಡುತ್ತಿದ್ದವು, ಆಮೆಯಾಗಿಬಿಟ್ಟವು. ಆಟಗಾರರು ಗಲಾಟೆ ಮಾಡಿದ ಮೇಲೆ 6.2ರಲ್ಲಿ ಆ ದಂಡ ಬಂದ್ ಮಾಡುವ ಸ್ವಿಚ್ ಕೊಟ್ಟರು.

ಕತ್ತಲಾಗಿತ್ತು. ಕಾರು 6.14ರ ಮೇಲೆ ಓಡುತ್ತಿತ್ತು, ಫ್ಯಾನ್ ಕೂಗುತ್ತಿತ್ತು, ಮಿರ್ಚಿ ಮುಗಿದಿತ್ತು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಹುಡುಗ ಮೆಲ್ಲಗೆ ಕೇಳಿದ: "ಮಾಮಾ, ವ್ಯಾಲೊರಂಟ್ ಹಾಕಿಕೊಡ್ತಿಯೇನು?"

ಆಗುವುದಿಲ್ಲ ಅಂದೆ. ಅದು ಆನ್‌ಲೈನ್ ಆಟ. ಆನ್‌ಲೈನ್ ಆಟಗಳಲ್ಲಿ ಮೋಸ ಹಿಡಿಯುವ ಆಂಟಿ ಚೀಟ್ ಇರುತ್ತದೆ. ಈಸಿ ಆಂಟಿ ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವು, ಆದರೆ ಆಟ ಮಾಡಿದವರು ಒಪ್ಪಬೇಕು. ಒಪ್ಪಿದವರು ಹಿಂದೆಗೆಯಬಹುದು ಕೂಡ. ಏಪೆಕ್ಸ್ ಲೆಜೆಂಡ್ಸ್ 2024ರಲ್ಲಿ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿತು. ವ್ಯಾಲೊರಂಟ್‌ನ ವ್ಯಾನ್‌ಗಾರ್ಡ್ ಇನ್ನೂ ಆಳದ್ದು. ಅದು ವಿಂಡೋಸ್ ಕರ್ನಲ್ ಒಳಗೇ ಹೋಗಿ ಕೂರುತ್ತದೆ. ವೈನ್ ಹತ್ತಿರ ಅನುವಾದ ಇದೆ, ವಿಂಡೋಸ್ ಕರ್ನಲ್ ಇಲ್ಲ. ಕೂರಲು ಜಾಗವೇ ಇಲ್ಲದ ಕಡೆ ಅದು ಎಲ್ಲಿ ಕೂರಬೇಕು?

"ಹಂಗಾರ ಅದಕ್ಕ ಯಾವ ಕರ್ನಲ್ ಹಾಕ್ಬೇಕು?"

"ವಿಂಡೋಸಿಂದು."